ತಿದ್ದಿದವರಾರು, ಏಕೆ ತಿದ್ದಿದರು?

ಪರದೇಶದಲ್ಲಿ ಕನ್ನಡವನ್ನು ಉಳಿಸಿ ಬೆಳೆಸುವ ಬಗೆಯನ್ನು ಕುರಿತು ಇಂತಹ ಸ್ಮರಣ ಸಂಚಿಕೆಗಳಲ್ಲಿ ಅನೇಕ ಲೇಖನಗಳು ಬಂದಿವೆ, ಮುಂದೆಯೂ ಬರುತ್ತವೆ. ನಾನು ಇಲ್ಲಿ ಎತ್ತಿಕೊಂಡಿರುವುದು ಅದಕ್ಕೇ ಸೇರಿದ, ಆದರೆ ನಾವು ಅಷ್ಟಾಗಿ ಗಮನಿಸದ ಒಂದು ಸಣ್ಣ ವಿಷಯ. ಒಬ್ಬರು ಬರೆದುದನ್ನು ಮತ್ತೊಬ್ಬರು ತಿದ್ದುವಾಗ ಆ ತಿದ್ದುಪಡಿಯ ಲೆಕ್ಕವನ್ನು ಇಡುವುದು ಹೇಗೆ ಎಂಬುದೇ ಆ ವಿಷಯ. ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವವರು ಈ ಕೆಲಸಕ್ಕೆ ಒಂದು ಶಿಸ್ತನ್ನು ರೂಪಿಸಿಕೊಂಡಿದ್ದಾರೆ. ಆ ಶಿಸ್ತು ನಮ್ಮ ಕನ್ನಡ ಶಾಲೆಗಳಿಗೂ ಸಂಘಗಳಿಗೂ ಬರಬೇಕೆಂಬುದು ನನ್ನ ವಾದ. ಬಿ.ಎ. ಓದಿ ಮನೆವಾರ್ತೆಯಲ್ಲಿ ಮೂರು ದಶಕ ಕಳೆದ ಗೃಹಿಣಿಗೆ ಪ್ರೋಗ್ರಾಮಿನ ಮಾತೇಕೆ ಎಂದು ಓದುಗರು ಕೇಳಬಹುದು. ನಾನು ಅದನ್ನು ಕಲಿತದ್ದು ಕುತೂಹಲದಿಂದಲ್ಲ. ಮಾಡಿದ ಒಂದು ತಪ್ಪಿನಿಂದ.

ಸಮರ್‌ಸೆಟ್‌ನ ಸುತ್ತಮುತ್ತಲಿನ ಮಕ್ಕಳಿಗಾಗಿ ನಡೆಯುವ ಒಂದು ಕನ್ನಡ ಶಾಲೆಯಲ್ಲಿ ನಾನು ಅನೇಕ ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. 2018ರಲ್ಲಿ ನಾವು ಆರು ಜನ ಶಿಕ್ಷಕರು ಸೇರಿ ನಮ್ಮದೇ ಆದ ಒಂದು ಪಠ್ಯಪುಸ್ತಕವನ್ನು ಸಿದ್ಧಪಡಿಸಲು ತೊಡಗಿದೆವು. ಮಗಳ ಮನೆಗೆಂದು ಧಾರವಾಡದ ಕಡೆಯಿಂದ ಬಂದಿದ್ದ ನಿವೃತ್ತ ಮಾಸ್ತರರೊಬ್ಬರು ನಮ್ಮ ಜೊತೆಗೂಡಿದರು. ಅವರು ಬರೆದುಕೊಟ್ಟ ಪಾಠಗಳಲ್ಲಿ ಒಂದು, ತಾಯಿ ಮಗ ಇಬ್ಬರೂ ಬುತ್ತಿ ಕಟ್ಟಿಕೊಂಡು ಸಂತೆಗೆ ಹೋಗುವ ಕಥೆ. ತಾಯಿಯನ್ನು ಮಗ ‘ಅವ್ವಾ’ ಎಂದು ಕರೆಯುತ್ತಾನೆ. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇರುತ್ತವೆ. ಮಾತೆಲ್ಲ ಆ ಸೀಮೆಯದೇ.

ಪುಸ್ತಕ ಅಚ್ಚಾಗಿ ಬಂದ ದಿನ ಮಾಸ್ತರರು ತಮ್ಮ ಪಾಠವನ್ನು ತೆರೆದು ನೋಡಿದರು. ಅವ್ವ ಅಮ್ಮನಾಗಿದ್ದಳು. ಬುತ್ತಿ ಊಟದ ಡಬ್ಬಿಯಾಗಿತ್ತು, ರೊಟ್ಟಿ ಚಪಾತಿಯಾಗಿತ್ತು. ಹುಡುಗನ ಮಾತು ಮೈಸೂರಿನ ಕಡೆಗೆ ವರ್ಗವಾಗಿತ್ತು. ಕೆಳಗೆ ಹೆಸರು ಮಾತ್ರ ಅವರದೇ. “ಇದನ್ನ ಯಾರು ತಿದ್ದಿದ್ರು?” ಎಂದು ಅವರು ಕೇಳಿದಾಗ ನಾವು ಆರು ಜನರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ನಾನಲ್ಲ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಮಾಸ್ತರರು ಮತ್ತೇನೂ ಕೇಳಲಿಲ್ಲ. ಮುಂದಿನ ಭಾನುವಾರದಿಂದ ಶಾಲೆಗೆ ಬರುವುದನ್ನು ನಿಲ್ಲಿಸಿದರು. ಒಂದೆರಡು ತಿಂಗಳಲ್ಲಿ ಊರಿಗೆ ಹೊರಟುಹೋದರು.

ನಮ್ಮಲ್ಲಿ ಪಾಠ ಹೇಳುತ್ತಿದ್ದ ತರುಣನೊಬ್ಬ ವೃತ್ತಿಯಿಂದ ಸಾಫ್ಟ್‌ವೇರ್ ಎಂಜಿನಿಯರ್. ಆತ ಒಂದು ಸಂಜೆ ನಮ್ಮೆಲ್ಲರ ಕಂಪ್ಯೂಟರುಗಳಲ್ಲಿ ಉಳಿದಿದ್ದ ಹಳೆಯ ಪ್ರತಿಗಳನ್ನು ತರಿಸಿಕೊಂಡು ಒಂದಕ್ಕೊಂದು ಹೋಲಿಸಿ ನೋಡಿದ. ಅರ್ಧ ಗಂಟೆಯೊಳಗೆ ಉತ್ತರ ಸಿಕ್ಕಿತು. “ಆಂಟಿ, ಬೇಜಾರು ಮಾಡ್ಕೋಬೇಡಿ, ಈ ಬದಲಾವಣೆಗಳು ಮೊದಲು ಬಂದಿರೋದು ನಿಮ್ಮ ಪ್ರತೀಲಿ” ಎಂದ. ಆಗ ನೆನಪಾಯಿತು. ನನ್ನ ತರಗತಿಯಲ್ಲಿದ್ದವರು ಆರೇಳು ವರ್ಷದ ಮಕ್ಕಳು. ಅವರಿಗೆ ಸುಲಭವಾಗಲೆಂದು, ಆ ಒಂದು ವಾರದ ಪಾಠಕ್ಕಾಗಿ ಮಾತ್ರ, ನನ್ನ ಪ್ರತಿಯಲ್ಲಿ ಕೆಲವು ಪದಗಳನ್ನು ಬದಲಿಸಿದ್ದೆ. ಅಚ್ಚಿಗೆ ಕಳುಹಿಸುವ ಆತುರದಲ್ಲಿ, ಎಲ್ಲರ ಪ್ರತಿಗಳನ್ನು ಒಟ್ಟುಗೂಡಿಸಿದವರು ನನ್ನದನ್ನೇ ಕೊನೆಯ ಪ್ರತಿಯೆಂದು ತಿಳಿದಿದ್ದರು. ನಾನು ಸುಳ್ಳು ಹೇಳಿರಲಿಲ್ಲ, ಮರೆತಿದ್ದೆ. ಆದರೆ ಮಾಸ್ತರರ ಪಾಲಿಗೆ ಎರಡಕ್ಕೂ ವ್ಯತ್ಯಾಸವೇನಿತ್ತು?

ಪ್ರೋಗ್ರಾಮ್ ಬರೆಯುವವರಿಗೆ ಈ ಬಗೆಯ ಅಪಘಾತ ಚಿರಪರಿಚಿತವಂತೆ. ಹತ್ತು ಜನ ಸೇರಿ ಬರೆಯುವ ಪ್ರೋಗ್ರಾಮಿನ ಒಂದೊಂದು ಪ್ರತಿ ಒಬ್ಬೊಬ್ಬರ ಯಂತ್ರದಲ್ಲಿರುತ್ತದೆ. ಪ್ರತಿಯೊಬ್ಬರೂ ತಮ್ಮ ಪ್ರತಿಯಲ್ಲಿ ಏನನ್ನಾದರೂ ತಿದ್ದುತ್ತಿರುತ್ತಾರೆ. ಇವು ಸ್ಥಳೀಯ ಬದಲಾವಣೆಗಳು. ಅವುಗಳಲ್ಲಿ ಕೆಲವು ಎಲ್ಲರಿಗೂ ತಲುಪಬೇಕಾದವು. ಕೆಲವು ಪರೀಕ್ಷೆಗೆಂದು ಮಾಡಿದವು. ಇನ್ನು ಕೆಲವು ತಮ್ಮ ಯಂತ್ರಕ್ಕೆ ಮಾತ್ರ ಹೊಂದುವ ಅನುಕೂಲಗಳು. ಈ ಮೂರನ್ನೂ ಬೇರ್ಪಡಿಸದೆ ಒಟ್ಟಿಗೆ ಕಳುಹಿಸಿಬಿಟ್ಟರೆ ಒಬ್ಬರ ಮನೆಯ ಅನುಕೂಲ ಊರಿಗೆಲ್ಲ ಕಾನೂನಾಗುತ್ತದೆ. ನನ್ನ ‘ಅಮ್ಮ’ನಿಗೆ ಆದದ್ದು ಅದೇ.

ಈ ತೊಂದರೆಗೆ ಪರಿಹಾರ ಹುಟ್ಟಿದ್ದು ಬಹುಮಟ್ಟಿಗೆ ನಮ್ಮ ನ್ಯೂಜೆರ್ಸಿಯ ನೆಲದಲ್ಲೇ ಎಂಬುದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಬೆಲ್ ಲ್ಯಾಬೊರೇಟರಿಯಲ್ಲಿದ್ದ ಮಾರ್ಕ್ ರಾಕ್‌ಕೈಂಡ್ ಎಂಬವರು 1972ರಲ್ಲಿ ಎಸ್‌ಸಿಸಿಎಸ್ ಎಂಬ ಸಾಧನವನ್ನು ರೂಪಿಸಿದರು. ಅದನ್ನು ಕುರಿತು ಅವರು 1975ರಲ್ಲಿ ಪ್ರಕಟಿಸಿದ ಪ್ರಬಂಧದ ಸಾರಾಂಶದಲ್ಲೇ ಉದ್ದೇಶ ಸ್ಪಷ್ಟವಾಗಿದೆ: ಎಲ್ಲ ಆವೃತ್ತಿಗಳನ್ನೂ ಕಾಪಾಡುವುದು, ಮತ್ತು ಪ್ರತಿಯೊಂದು ಬದಲಾವಣೆಯನ್ನೂ ಮಾಡಿದವರು ಯಾರು, ಯಾವಾಗ, ಎಲ್ಲಿ, ಏಕೆ ಎಂಬುದನ್ನು ದಾಖಲಿಸುವುದು. ಅದೇ ಸಂಸ್ಥೆಯ ಡಗ್ಲಸ್ ಮೆಕಿಲ್‌ರಾಯ್ ಅವರು ಎರಡು ಪ್ರತಿಗಳ ವ್ಯತ್ಯಾಸವನ್ನು ಸಾಲುಸಾಲಾಗಿ ತೋರಿಸುವ ‘ಡಿಫ್’ ಎಂಬ ಪ್ರೋಗ್ರಾಮನ್ನು ಬರೆದರು. ಜೇಮ್ಸ್ ಹಂಟ್ ಅವರೊಡನೆ ಅವರು ಅದರ ವಿಧಾನವನ್ನು 1976ರ ವರದಿಯೊಂದರಲ್ಲಿ ವಿವರಿಸಿದರು. ಬೆಲ್ ಲ್ಯಾಬೊರೇಟರಿಯ ಕೇಂದ್ರಸ್ಥಾನವಾದ ಮರ್ರೆ ಹಿಲ್ ನಮ್ಮ ಮನೆಯಿಂದ ಸುಮಾರು ಇಪ್ಪತ್ತು ಮೈಲಿ. ಆ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೇನೆಯೋ ಲೆಕ್ಕವಿಲ್ಲ.

ಮುಂದೆ 1982ರಲ್ಲಿ ವಾಲ್ಟರ್ ಟಿಶಿಯವರ ಆರ್‌ಸಿಎಸ್, ಆ ದಶಕದಲ್ಲೇ ಸಿವಿಎಸ್, ಆಮೇಲೆ ಸಬ್‌ವರ್ಷನ್ ಮುಂತಾದವು ಬಂದವು. 2005ರ ಏಪ್ರಿಲ್ ತಿಂಗಳಲ್ಲಿ ಲೀನಸ್ ಟೋರ್ವಾಲ್ಡ್ಸ್ ಅವರು ಲಿನಕ್ಸ್‌ನ ಕೆಲಸಕ್ಕಾಗಿ ‘ಗಿಟ್’ ಎಂಬುದನ್ನು ಬರೆದರು. ಇಂದು ನಮ್ಮ ಮಕ್ಕಳಲ್ಲಿ ಬಹುಮಂದಿ ದಿನವೂ ಬಳಸುವುದು ಅದನ್ನೇ. ಅದರ ಕ್ರಮ ಸರಳವಾಗಿದೆ. ಯಾವ ಕಡತಗಳು ಬದಲಾಗಿವೆ ಎಂದು ಕೇಳಿದರೆ ಪಟ್ಟಿ ಕೊಡುತ್ತದೆ. ಒಳಗೆ ಏನು ಬದಲಾಗಿದೆ ಎಂದು ಕೇಳಿದರೆ ತೆಗೆದ ಸಾಲನ್ನೂ ಸೇರಿಸಿದ ಸಾಲನ್ನೂ ಒಂದರ ಕೆಳಗೊಂದು ತೋರಿಸುತ್ತದೆ. ಅವುಗಳಲ್ಲಿ ಬೇಕಾದುದನ್ನು ಮಾತ್ರ ಆರಿಸಿ ದಾಖಲಿಸಬಹುದು. ಅರ್ಧಕ್ಕೆ ನಿಂತ ಕೆಲಸವನ್ನು ಪಕ್ಕಕ್ಕೆ ತೆಗೆದಿರಿಸಿ ಮತ್ತೆ ಎತ್ತಿಕೊಳ್ಳಬಹುದು. ದಾಖಲಿಸುವಾಗ ಕಾರಣದ ಜಾಗವನ್ನು ಖಾಲಿ ಬಿಟ್ಟರೆ ಅದು ದಾಖಲೆಯನ್ನೇ ನಿಲ್ಲಿಸಿಬಿಡುತ್ತದೆ. ದಾಖಲಿಸದ ಬದಲಾವಣೆಗೆ ಮಾತ್ರ ಯಾವ ರಕ್ಷಣೆಯೂ ಇಲ್ಲ. ಅದು ಅಳಿಸಿಹೋದರೆ ಹೋಯಿತು.

ಇದನ್ನೆಲ್ಲ ಆ ತರುಣ ನನಗೆ ವಿವರಿಸುತ್ತಿದ್ದಾಗ, ಇದು ನಾನು ಎಲ್ಲೋ ಓದಿದ ವಿಷಯವಲ್ಲವೇ ಎನ್ನಿಸಿತು. ಕಾಲೇಜಿನಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದಿದವರಿಗೆ ‘ಪಾಠಾಂತರ’ ಎಂಬ ಮಾತು ಹೊಸದಲ್ಲ. ಓಲೆಗರಿಯ ಕಾಲದಲ್ಲಿ ಪ್ರತಿ ಮಾಡುವವನು ಒಂದು ಅಕ್ಷರವನ್ನು ತಪ್ಪಿ ಓದಬಹುದು. ಒಂದು ಸಾಲನ್ನು ಬಿಡಬಹುದು. ಅರ್ಥವಾಗದ ಪದದ ಬದಲಿಗೆ ತನಗೆ ತಿಳಿದ ಪದವನ್ನು ಇಡಬಹುದು. ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ನನ್ನನ್ನು ದೂರಬೇಡಿ ಎಂದು ಲಿಪಿಕಾರರು ಕೊನೆಯಲ್ಲಿ ಬರೆಯುತ್ತಿದ್ದುದುಂಟು. ಆದರೆ ಎಲ್ಲಿ ತಿದ್ದಿದೆ, ಏಕೆ ತಿದ್ದಿದೆ ಎಂದು ಹೇಳಿದವರು ವಿರಳ. ಆದ್ದರಿಂದಲೇ ಮುಂದಿನ ವಿದ್ವಾಂಸರು ನಾಲ್ಕಾರು ಪ್ರತಿಗಳನ್ನು ಹರಡಿಕೊಂಡು, ಸಾಲಿಗೆ ಸಾಲನ್ನು ಹೋಲಿಸಿ, ಕವಿಯ ಮೂಲಪಾಠ ಯಾವುದಿರಬಹುದೆಂದು ತರ್ಕಿಸಬೇಕಾಯಿತು. ಡಿ.ಎಲ್. ನರಸಿಂಹಾಚಾರ್ಯರು ಈ ವಿದ್ಯೆಯನ್ನು ‘ಕನ್ನಡ ಗ್ರಂಥಸಂಪಾದನೆ’ ಎಂಬ ಕೃತಿಯಲ್ಲಿ ಶಾಸ್ತ್ರವಾಗಿ ನಿರೂಪಿಸಿದರು. ಬಿ.ಎಲ್. ರೈಸ್ ಅವರು 1898ರಲ್ಲಿ ಪಂಪಭಾರತವನ್ನು ಅಚ್ಚಿಗೆ ತಂದ ಮೇಲೂ ಕನ್ನಡ ಸಾಹಿತ್ಯ ಪರಿಷತ್ತು 1931ರಲ್ಲಿ ಅದನ್ನು ಪರಿಷ್ಕರಿಸಿ ಮತ್ತೆ ಪ್ರಕಟಿಸಬೇಕಾಯಿತೆಂದರೆ, ದಾಖಲೆಯಿಲ್ಲದ ಬದಲಾವಣೆಗಳನ್ನು ಹಿಂದಕ್ಕೆ ಹಿಡಿಯುವುದು ಎಷ್ಟು ಶ್ರಮದ ಕೆಲಸವೆಂದು ಊಹಿಸಬಹುದು.

ಹಾಗೆಂದು ನಮ್ಮ ಪರಂಪರೆ ಬದಲಾವಣೆಯನ್ನು ತಪ್ಪೆಂದು ಬಗೆಯಲಿಲ್ಲ. ಶೂನ್ಯಸಂಪಾದನೆಯನ್ನೇ ನೋಡಿ. ಶಿವಗಣಪ್ರಸಾದಿ ಮಹಾದೇವಯ್ಯನವರು ಸಂಕಲಿಸಿದುದನ್ನು ಹಲಗೆಯಾರ್ಯರು ಮತ್ತೆ ಸಂಪಾದಿಸಿದರು. ಗುಮ್ಮಳಾಪುರದ ಸಿದ್ಧಲಿಂಗಯತಿಗಳೂ ಗೂಳೂರು ಸಿದ್ಧವೀರಣ್ಣೊಡೆಯರೂ ಆಮೇಲೆ ಪರಿಷ್ಕರಿಸಿದರು. ನಾಲ್ಕೂ ನಮಗೆ ಉಳಿದಿವೆ, ನಾಲ್ಕರ ಸಂಪಾದಕರ ಹೆಸರುಗಳೂ ಉಳಿದಿವೆ. ಅಲ್ಲಿ ಹೊಸದು ಹಳೆಯದನ್ನು ನುಂಗಲಿಲ್ಲ. ಆದ್ದರಿಂದ ಯಾರು ಏನನ್ನು ಸೇರಿಸಿದರೆಂದು ಇಂದಿಗೂ ಹೋಲಿಸಿ ಚರ್ಚಿಸಲು ಸಾಧ್ಯವಾಗಿದೆ. ಬದಲಾವಣೆ ಇರಲಿ, ಅದರ ಜಾಡೂ ಇರಲಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ನಾವು ಅಮೆರಿಕದ ಕನ್ನಡಿಗರು ಸ್ಥಳೀಯ ಬದಲಾವಣೆಯಿಲ್ಲದೆ ಬದುಕುವಂತಿಲ್ಲ. ಊರಿನ ಪಠ್ಯಪುಸ್ತಕದಲ್ಲಿರುವ ಕಣ, ಒಕ್ಕಣೆ, ತೇರು ಇಲ್ಲಿಯ ಮಕ್ಕಳಿಗೆ ವಿವರಣೆಯಿಲ್ಲದೆ ದಕ್ಕುವುದಿಲ್ಲ. ಹಿಮ ಬೀಳುವ ದಿನದ ಮೇಲೆ ನಮಗೊಂದು ಪಾಠ ಬೇಕು. ರ್‍ಯಾರಿಟನ್ ಕಾಲುವೆಯ ದಂಡೆಯಲ್ಲಿ ಅಜ್ಜನೊಡನೆ ನಡೆದುಹೋಗುವ ಮಗುವಿನ ಮೇಲೊಂದು ಪಾಠ ಬೇಕು. ನನ್ನ ತರಗತಿಗೆ ‘ಅಮ್ಮ’ ಸುಲಭವಾಗಿತ್ತೆಂಬುದೂ ಸುಳ್ಳಲ್ಲ. ತಪ್ಪಾದದ್ದು ಎರಡು ಕಡೆ. ನನ್ನ ತರಗತಿಗೆಂದು ಮಾಡಿದ್ದು ಎಲ್ಲರ ಪುಸ್ತಕಕ್ಕೆ ಹೋಯಿತು. ಮಾಡಿದ್ದೇನೆಂದು ನಾನು ಎಲ್ಲಿಯೂ ಬರೆದಿಡಲಿಲ್ಲ. ಧಾರವಾಡದ ಮಾತು ಅಶುದ್ಧ, ಮೈಸೂರಿನ ಮಾತು ಶುದ್ಧ ಎಂಬ ಭಾವನೆ ನನ್ನ ಮನಸ್ಸಿನ ಮೂಲೆಯಲ್ಲಿ ಇರಲಿಲ್ಲವೇ ಎಂದು ಈಗ ಕೇಳಿಕೊಳ್ಳುತ್ತೇನೆ. ಕಾರಣ ಬರೆಯಬೇಕಾದ ನಿಯಮವೊಂದು ಇದ್ದಿದ್ದರೆ, ಆ ಸಾಲನ್ನು ಬರೆಯಲು ಕೈ ಎತ್ತಿದಾಗಲೇ ನನಗೆ ನಾಚಿಕೆಯಾಗುತ್ತಿತ್ತು. ಕಾರಣ ಬರೆಯುವುದರ ಮುಖ್ಯ ಪ್ರಯೋಜನ ಇದೇ ಎಂದು ನನ್ನ ಅಭಿಪ್ರಾಯ. ಮುಂದಿನವರಿಗೆ ತಿಳಿಯುವುದು ಆಮೇಲಿನ ಮಾತು.

ಇದಕ್ಕೆ ಆಕ್ಷೇಪಣೆಗಳಿವೆ. ವಾರವಿಡೀ ದುಡಿದು ಭಾನುವಾರ ಉಚಿತವಾಗಿ ಪಾಠ ಹೇಳಲು ಬರುವವರ ಮೇಲೆ ಕಚೇರಿಯ ಕಟ್ಟುಪಾಡನ್ನು ಹೇರಬೇಕೇ ಎಂಬುದು ಒಂದು. ಈ ಮಾತಿನಲ್ಲಿ ತಥ್ಯವಿದೆ. ಆದರೆ ಕಚೇರಿಯಲ್ಲಿ ಕಾರಣ ಬರೆಯದೆ ಒಂದು ಸಾಲನ್ನೂ ಬದಲಿಸದ ನಮ್ಮ ಎಂಜಿನಿಯರುಗಳು ಸಂಘದ ಕೆಲಸಕ್ಕೆ ಬಂದೊಡನೆ ‘ಫೈನಲ್’, ‘ಫೈನಲ್ ಎರಡು’, ‘ನಿಜವಾದ ಫೈನಲ್’ ಎಂಬ ಕಡತಗಳನ್ನು ಇಮೇಲಿನಲ್ಲಿ ಹರಿಯಬಿಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಂಬಳದ ಕೆಲಸಕ್ಕೆ ಸಲ್ಲುವ ಗೌರವ ತಾಯ್ನುಡಿಯ ಕೆಲಸಕ್ಕೆ ಸಲ್ಲಬಾರದೇ? ಒಂದು ಸಾಲು ಕಾರಣ ಬರೆಯಲು ಅರ್ಧ ನಿಮಿಷ ಸಾಕು. ನಾವು ಕಾರಣ ಬರೆಯದೆ ಉಳಿಸಿದ ಅರ್ಧ ನಿಮಿಷಕ್ಕೆ ಒಬ್ಬ ಹಿರಿಯರನ್ನು ಕಳೆದುಕೊಂಡೆವು.

ಈಗ ಗೂಗಲ್ ಡಾಕ್ಸ್‌ನಂತಹ ಸೌಲಭ್ಯಗಳು ಯಾರು ಯಾವಾಗ ತಿದ್ದಿದರೆಂದು ತಾವೇ ತೋರಿಸುತ್ತವಲ್ಲ ಎಂಬುದು ಮತ್ತೊಂದು ಆಕ್ಷೇಪಣೆ. ನಿಜ, ಎಲ್ಲರೂ ಒಂದೇ ಕಡತದಲ್ಲಿ ಕೆಲಸ ಮಾಡುವುದಾದರೆ ಅಷ್ಟೂ ಲಾಭವೇ. ಆದರೆ ‘ಏಕೆ’ ಎಂಬುದನ್ನು ಅವು ಕೇಳುವುದಿಲ್ಲ. ತನ್ನ ಕಂಪ್ಯೂಟರಿಗೆ ಇಳಿಸಿಕೊಂಡು ತಿದ್ದಿದವರ ಬದಲಾವಣೆ ಅವುಗಳ ಕಣ್ಣಿಗೆ ಬೀಳುವುದೂ ಇಲ್ಲ. ಗಿಟ್ ಸಹ ಸರ್ವಜ್ಞವೇನಲ್ಲ. ನಮ್ಮ ಯಂತ್ರದಲ್ಲಿ ನಾವು ಕೊಟ್ಟುಕೊಂಡ ಹೆಸರನ್ನೇ ಅದು ನಂಬಿ ಬರೆದುಕೊಳ್ಳುತ್ತದೆ. ಕಾರಣದ ಜಾಗದಲ್ಲಿ ‘ತಿದ್ದುಪಡಿ’ ಎಂದಷ್ಟೇ ಬರೆದರೂ ಒಪ್ಪಿಕೊಳ್ಳುತ್ತದೆ. ಲೆಕ್ಕದ ಪುಸ್ತಕ ಒಳ್ಳೆಯದಾದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ, ಬರೆಯುವವರು ಪ್ರಾಮಾಣಿಕರಾಗಿರಬೇಕು.

ಕನ್ನಡಕ್ಕೆಂದೇ ಇರುವ ಕೆಲವು ತೊಡಕುಗಳನ್ನೂ ಇಲ್ಲಿ ಹೇಳಬೇಕು. ಈ ಸಾಧನಗಳು ಹೋಲಿಸುವುದು ಸಾಲುಸಾಲಾಗಿ. ನಮ್ಮ ಪಾಠಗಳಲ್ಲಿ ಒಂದು ಇಡೀ ಕಂಡಿಕೆ ಯಂತ್ರದ ದೃಷ್ಟಿಗೆ ಒಂದೇ ಸಾಲು. ಅದರಲ್ಲಿ ಒಂದು ಕೊಂಬು ಬದಲಾದರೂ ಕಂಡಿಕೆಯೆಲ್ಲ ಬದಲಾಯಿತೆಂದು ತೋರಿಸುತ್ತದೆ. ಆದ್ದರಿಂದ ಕರಡಿನಲ್ಲಿ ಒಂದು ವಾಕ್ಯಕ್ಕೆ ಒಂದು ಸಾಲಿನಂತೆ ಬರೆದು, ಅಚ್ಚಿನ ಹೊತ್ತಿಗೆ ಕೂಡಿಸಿಕೊಳ್ಳುವುದು ಮೇಲು. ವರ್ಡ್ ಕಡತದ ಬದಲು ಸಾದಾ ಪಠ್ಯದ ಕಡತವಿದ್ದರೆ ವ್ಯತ್ಯಾಸ ನೇರವಾಗಿ ಕಾಣುತ್ತದೆ. ಹಳೆಯ ಫಾಂಟುಗಳ ಕಾಲದಲ್ಲಿ ಬೆರಳಚ್ಚು ಮಾಡಿದ ಕಡತಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಇಲ್ಲವಾದರೆ ಹೋಲಿಕೆಯಲ್ಲಿ ಕಾಣುವುದು ಅರ್ಥವಿಲ್ಲದ ಚಿಹ್ನೆಗಳು ಮಾತ್ರ. ಯೂನಿಕೋಡಿನಲ್ಲಿಯೂ ಎಚ್ಚರ ಬೇಕು. ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊಕಾರದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ನಮ್ಮ ಊರಿನ ಹೆಸರನ್ನೇ ನೋಡಿ. ‘ಸಮರ್‌ಸೆಟ್’ ಎಂದು ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು. ಅದು ಬಿದ್ದುಹೋದರೆ ಅರ್ಕಾವೊತ್ತು ಬಂದು ‘ಸಮರ್ಸೆಟ್’ ಆಗುತ್ತದೆ. ನಮ್ಮ ಪುಸ್ತಕದ ಹಳೆಯ ಪ್ರತಿಗಳನ್ನು ಹೋಲಿಸಿದಾಗ ಇಂತಹ ಬದಲಾವಣೆಗಳು ಯಾರೂ ಉದ್ದೇಶಿಸದೆಯೇ ಎಷ್ಟೋ ಕಡೆ ಆಗಿದ್ದವು. ಬೆರಳಚ್ಚಿಗೆ ಎಲ್ಲರೂ ಒಂದೇ ಕೀಲಿಮಣೆ ವಿನ್ಯಾಸವನ್ನು ಬಳಸಿದರೆ ಈ ಗೊಂದಲ ಬಹಳ ಮಟ್ಟಿಗೆ ತಗ್ಗುತ್ತದೆ.

ಈಗ ನಮ್ಮ ಶಾಲೆಯಲ್ಲಿ ಮೂರು ನಿಯಮಗಳಿವೆ. ಹಂಚುವ ಮುನ್ನ, ಏನು ಬದಲಾಗಿದೆ ಎಂಬುದನ್ನು ತಿದ್ದಿದವರೇ ಒಮ್ಮೆ ಹೋಲಿಸಿ ಓದಬೇಕು. ಪ್ರತಿಯೊಂದು ಬದಲಾವಣೆಗೂ ಒಂದು ಸಾಲು ಕಾರಣವನ್ನು ಕನ್ನಡದಲ್ಲಿ ಬರೆಯಬೇಕು. ತನ್ನ ತರಗತಿಗಾಗಿ ಮಾಡಿದ ಬದಲಾವಣೆಯನ್ನು ಬೇರೆ ಶಾಖೆಯಲ್ಲಿಡಬೇಕು. ಎಲ್ಲರ ಪುಸ್ತಕಕ್ಕೆ ಅದು ಬರಬೇಕಾದರೆ ಮೂಲ ಲೇಖಕರ ಒಪ್ಪಿಗೆ ಬೇಕು. ಗಿಟ್ ಕಲಿಯಲು ಹಿಂಜರಿದವರು ಒಂದು ಸಾದಾ ನೋಟುಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡುತ್ತಾರೆ, ತರುಣರು ಅದನ್ನು ಯಂತ್ರಕ್ಕೆ ಏರಿಸುತ್ತಾರೆ. ಸಾಧನ ಯಾವುದಾದರೂ ಇರಲಿ, ಪದ್ಧತಿ ಮುಖ್ಯ. ನಾನು ನನ್ನ ಐವತ್ತರ ನಂತರ ಇದನ್ನು ಕಲಿತೆ. ಪಂಚಾಂಗ ನೋಡುವುದಕ್ಕಿಂತ ಇದು ಕಷ್ಟವೆಂದು ನನಗೆ ತೋರಲಿಲ್ಲ.

ಮಾಸ್ತರರಿಗೆ ನಾನು ಫೋನು ಮಾಡಿದೆ. ಧೈರ್ಯ ತಂದುಕೊಳ್ಳಲು ನಾಲ್ಕು ದಿನ ಬೇಕಾಯಿತು. ತಿದ್ದಿದವಳು ನಾನೇ, ಮರೆತು ಇಲ್ಲವೆಂದೆ ಎಂದು ಹೇಳಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ತಿದ್ದಿದ್ದಕ್ಕ ನನಗ ಸಿಟ್ಟಿಲ್ಲ ತಂಗಿ, ನಾನೂ ನಲವತ್ತು ವರ್ಷ ಹುಡುಗರ ಬರಹ ತಿದ್ದಿದಾಂವ. ಒಂದು ಮಾತು ಕೇಳಬೇಕಿತ್ತು. ನಮ್ಮವ್ವನ್ನ ನೆನಸಿಕೊಂಡು ಬರದಿದ್ದೆ ಅದನ್ನ” ಎಂದರು. ಎರಡನೆಯ ಮುದ್ರಣದಲ್ಲಿ ಅವರ ಪಾಠ ಅವರು ಬರೆದಂತೆಯೇ ಬಂದಿದೆ. ಕೆಳಗೆ ಒಂದು ಅಡಿಟಿಪ್ಪಣಿಯೂ ಇದೆ: ಕಿರಿಯರ ತರಗತಿಯಲ್ಲಿ ‘ಅವ್ವ’ ಎಂಬುದಕ್ಕೆ ‘ಅಮ್ಮ’ ಎಂದು ಓದಿಕೊಳ್ಳಬಹುದು ಎಂದು. ಆ ಟಿಪ್ಪಣಿಯನ್ನು ಇಡುವಂತೆ ಹೇಳಿದವರು ಅವರೇ. ಈಗ ನನ್ನ ತರಗತಿಯ ಮಕ್ಕಳು ‘ಅವ್ವ’ ಎಂದೇ ಓದುತ್ತಾರೆ. ಟಿಪ್ಪಣಿಯ ಅಗತ್ಯವೇ ಬೀಳುತ್ತಿಲ್ಲ.

ಎರಡು ವರ್ಷಗಳಿಗೊಮ್ಮೆ ಸೇರುವ ಇಂತಹ ಸಮ್ಮೇಳನಗಳಲ್ಲಿ ಪ್ರತಿ ಸಲವೂ ಹೊಸ ಸಮಿತಿ ಬರುತ್ತದೆ, ಹಳೆಯ ಸಮಿತಿಯ ಅನುಭವ ಅವರವರ ಕಂಪ್ಯೂಟರಿನಲ್ಲೇ ಉಳಿದುಹೋಗುತ್ತದೆ. ನಿಯಮಾವಳಿಯನ್ನು ಏಕೆ ಬದಲಿಸಿದರು, ನಾಟಕದ ಹಸ್ತಪ್ರತಿಯಲ್ಲಿ ಒಂದು ದೃಶ್ಯವನ್ನು ಏಕೆ ಬಿಟ್ಟರು, ಮಕ್ಕಳ ಪುಸ್ತಕದಲ್ಲಿ ಒಂದು ಪದವನ್ನು ಏಕೆ ತೆಗೆದರು ಎಂದು ಮುಂದಿನವರು ಕೇಳಿದರೆ ಉತ್ತರ ಹೇಳುವವರಿಲ್ಲ. ಓಲೆಗರಿಯ ಲಿಪಿಕಾರನಿಗೆ ಜಾಗವೂ ಕಡಿಮೆ, ಸಾಧನವೂ ಇರಲಿಲ್ಲ, ಅವನನ್ನು ಕ್ಷಮಿಸಬಹುದು. ಜಗತ್ತಿನ ಪ್ರೋಗ್ರಾಮುಗಳ ಲೆಕ್ಕವಿಡುವವರನ್ನು ಮನೆಮನೆಯಲ್ಲಿ ಇರಿಸಿಕೊಂಡಿರುವ ನಮಗೆ ಆ ನೆಪವಿಲ್ಲ. ಪ್ರತಿನಿಧಿಗಳಾಗಿ ಬಂದಿರುವ ತಾವು ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿದ ಮೇಲೆ, ತಮ್ಮ ಶಾಲೆಯ ಅಥವಾ ಸಂಘದ ಒಂದೇ ಒಂದು ಕಡತದಿಂದ ಈ ಪದ್ಧತಿಯನ್ನು ಆರಂಭಿಸಬೇಕೆಂದು ವಿನಂತಿಸುತ್ತೇನೆ. ಕಲಿಸುವವರು ಬೇಕಾದರೆ ತಮ್ಮ ಮನೆಯ ಮಕ್ಕಳನ್ನೇ ಕೇಳಿ. ಅವರಿಗೂ ತಮ್ಮ ವಿದ್ಯೆ ಕನ್ನಡಕ್ಕೆ ಒದಗಿತೆಂಬ ಸಂತೋಷವಾಗುತ್ತದೆ.